ಅಪ್ಪ ತೋಡಿದ ಕಾಲುವೆಗೆ ಮಗಳ ಒಡ್ಡು

ಜೌಗಿನ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಉಕ್ಕಿದ ಹಾಲು ನೆಲದ ಮೇಲೆ ಹರಡಿಕೊಂಡ ಹಾಗೆ ಮಲಗಿದೆ. ಕುಳ್ಳ ಪೈನ್ ಮರಗಳ ತಲೆಗಳಷ್ಟೇ ಅದರಿಂದ ಮೇಲೆ ಕಾಣುತ್ತವೆ. ದಕ್ಷಿಣಕ್ಕೆ ಹೊರಟುನಿಂತ ಕ್ರೌಂಚಗಳು ಎಲ್ಲೋ ಆಚೆ ಒಂದನ್ನೊಂದು ಕೂಗಿ ಎಬ್ಬಿಸುತ್ತಿವೆ. ಆ ಮಂಜಿನೊಳಗೆ ಒಬ್ಬ ಹೆಂಗಸು ಹಿಂದಕ್ಕೆ ಹಿಂದಕ್ಕೆ ನಡೆದು ಬರುತ್ತಿದ್ದಾರೆ. ಮೊಣಕಾಲವರೆಗಿನ ರಬ್ಬರ್ ಬೂಟು, ತಲೆಗೆ ಕಟ್ಟಿದ ಹೂವಿನ ಚೌಕ, ಕೈಯಲ್ಲಿ ಉದ್ದ ಹಿಡಿಯ ಹಲ್ಲುಕುಂಟೆ. ಒಂದು ಹೆಜ್ಜೆ ಹಿಂದಿಡುತ್ತಾರೆ, ಬಿಟ್ಟ ಹೆಜ್ಜೆಯ ಮೇಲೆ ಕುಂಟೆ ಎಳೆಯುತ್ತಾರೆ. ಮತ್ತೊಂದು ಹೆಜ್ಜೆ, ಮತ್ತೊಂದು ಗೀರು. ಕಪ್ಪು ಮಣ್ಣಿನ ಒಡ್ಡಿನ ಮೇಲೆ ಮೀನಿನ ಮುಳ್ಳಿನಂತೆ ಸಾಲುಗಳು ಮೂಡುತ್ತವೆ. ಒಡ್ಡಿನ ಕೊನೆಗೆ ಬಂದು ನಿಂತು ತಿರುಗಿ ನೋಡಿದರೆ, ಇಲ್ಲಿ ಯಾರೂ ನಡೆದೇ ಇಲ್ಲವೇನೋ ಅನ್ನಿಸಬೇಕು.

"ಈಗ ಸರಿಹೋಯ್ತು," ಎನ್ನುತ್ತಾರೆ ವಿಜ್ಮಾ, ತಮಗೆ ತಾವೇ. ಥರ್ಮಾಸ್‌ನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಳ್ಳುತ್ತಾರೆ. "ಇದು ಮೊದಲನೇ ಒಡ್ಡು. ಇನ್ನೂ ಸುತ್ತಬೇಕು."

ಲಾಟ್ವಿಯಾದ ಉತ್ತರದ ಮೂಲೆಯಲ್ಲಿರುವ ಸಾಲ್ನಾ ಜೌಗಿನಲ್ಲಿ ಮೂರು ವರ್ಷದಿಂದ ವಿಜ್ಮಾ ಕಾಲುವೆ ಮುಚ್ಚುತ್ತಿದ್ದಾರೆ. ಮುಚ್ಚಿದ ಕಾಲುವೆಯ ಮೇಲಿನ ನೆಲ ಬಾಚುವುದು ಅವರಿಗೆ ಯಾರೂ ಹೇಳಿದ ಕೆಲಸವಲ್ಲ. ಅದು ಸಮಾಧಿಯಂಗಳದಿಂದ ಬಂದ ಅಭ್ಯಾಸ. ಇಲ್ಲಿಯವರು ತೀರಿಕೊಂಡವರ ಸುತ್ತ ಬಿಳಿ ಮರಳು ಹಾಸುತ್ತಾರೆ. ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಹೊರಡುವಾಗ ತಮ್ಮ ಹೆಜ್ಜೆಗಳನ್ನು ತಾವೇ ಬಾಚಿ ಅಳಿಸುತ್ತಾ ಹಿಂದಕ್ಕೆ ನಡೆದು ಬೇಲಿಯ ಬಾಗಿಲು ಮುಟ್ಟುತ್ತಾರೆ. ಮುಂದಿನ ಸಲ ಬಂದಾಗ ಮರಳಿನ ಮೇಲೆ ಹೊಸ ಹೆಜ್ಜೆ ಕಂಡರೆ, ನಡುವೆ ಯಾರೋ ಬಂದು ಹೋಗಿದ್ದಾರೆ ಎಂದರ್ಥ. ಚಿಕ್ಕಂದಿನಲ್ಲಿ ವಿಜ್ಮಾ ಮತ್ತು ಅವರ ಅಕ್ಕ ಜಿದ್ರಾ ಅಜ್ಜಿಯ ಸಮಾಧಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಆಟ ಆಡುತ್ತಿದ್ದರು. ಈ ದೊಡ್ಡ ಬೂಟು ಚಿಕ್ಕಪ್ಪನದು. ಈ ಚೂಪು ಹಿಮ್ಮಡಿ ಪೇಟೆಯ ಸೋದರತ್ತೆಯದು. ಜಿದ್ರಾ ಯಾವಾಗಲೂ ಗೆಲ್ಲುತ್ತಿದ್ದಳು. ಅವಳ ಹೆಜ್ಜೆಯನ್ನು ಮಾತ್ರ ಯಾರು ಬೇಕಾದರೂ ಗುರುತು ಹಿಡಿಯಬಹುದಿತ್ತು. ಹುಟ್ಟಿನಿಂದಲೇ ಎಡಗಾಲು ಹೊರಕ್ಕೆ ತಿರುಗಿಕೊಂಡಿತ್ತು.

ಹಾಗಾದರೆ ಕಾಲುವೆಗೇಕೆ ಸಮಾಧಿಯ ಮರ್ಯಾದೆ? ವಿಜ್ಮಾ ಚಹಾದ ಹಬೆ ಊದುತ್ತಾರೆ. "ಇದೂ ಯಾರದೋ ಬೆವರು ಅಲ್ವಾ? ಯಾರೋ ಬೆನ್ನು ಮುರ್ಕೊಂಡು ತೋಡಿದ್ದು. ಮಣ್ಣು ಹಾಕಿ ಮುಚ್ಚಿ ಹಾಗೇ ಬೆನ್ನು ತಿರುಗಿಸ್ಕೊಂಡು ಬಂದ್ಬಿಡೋಕೆ ನಂಗೆ ಆಗಲ್ಲ."

ವಿಜ್ಮಾ ಇದಕ್ಕೆ ಮುಂಚೆ ಮಾಡುತ್ತಿದ್ದದ್ದು ಇದರ ತದ್ವಿರುದ್ಧ ಕೆಲಸ. ಮೂವತ್ತು ವರ್ಷ ಅವರು ಈ ಸೀಮೆಯ ಬಸಿಗಾಲುವೆಗಳ ಕಾವಲುಗಾರ್ತಿ. ಹೂಳು ಎತ್ತುವುದು, ಬಿದ್ದ ಮರ ಎಳೆಯುವುದು, ಹೊಲಗದ್ದೆಯಿಂದ ನೀರು ಹೊಳೆಗೆ ಸರಾಗವಾಗಿ ಇಳಿಯುವಂತೆ ನೋಡಿಕೊಳ್ಳುವುದು. ಎಲ್ಲಕ್ಕಿಂತ ದೊಡ್ಡ ತಲೆನೋವು ಬೀವರ್‌ಗಳದು. ರಾತ್ರಿ ಬೆಳಗಾಗುವುದರೊಳಗೆ ಮರ ಕಡಿದು ಕಾಲುವೆಗೆ ಅಡ್ಡಗಟ್ಟೆ ಕಟ್ಟಿಬಿಡುವ ಹಲ್ಲುಬ್ಬ ಪ್ರಾಣಿಗಳು ಅವು. ವಿಜ್ಮಾ ಬೆಳಿಗ್ಗೆ ಕೊಕ್ಕೆ ಹಿಡಿದು ಹೋಗಿ ಅದನ್ನು ಕಿತ್ತು ಹಾಕುತ್ತಿದ್ದರು. ಮರುದಿನ ಅದೇ ಜಾಗದಲ್ಲಿ ಮತ್ತೆ ಕಟ್ಟೆ.

"ಮೂವತ್ತು ವರ್ಷ ಬೀವರ್‌ಗಳ ಜೊತೆ ಜಗಳ ಆಡಿದ್ಲು, ಕೊನೆಗೆ ಅವುಗಳ ಗುಂಪಿಗೇ ಸೇರ್ಕೊಂಡ್ಲು ನೋಡಿ," ಎಂದು ಕೂಗುತ್ತಾರೆ ವಾಲ್ಡಿಸ್, ಮಣ್ಣೆತ್ತುವ ಯಂತ್ರದ ಮೇಲಿಂದ. ಜೌಗಿನಲ್ಲಿ ಹೂತುಹೋಗದ ಹಾಗೆ ಅಗಲ ಪಟ್ಟಿ ಕಟ್ಟಿದ ಅವರ ಯಂತ್ರ ದೊಡ್ಡ ಕಾಲುವೆಗಳಿಗೆ. ಅದು ಕಾಲಿಡಲಾಗದ ಕಡೆಗೆಲ್ಲ ವಿಜ್ಮಾ.

"ನೀನು ಬಾಯಿ ಮುಚ್ಕೊಂಡು ಕಾಲುವೆ ಮುಚ್ಚು," ಎನ್ನುತ್ತಾರೆ ವಿಜ್ಮಾ. "ಅವಕ್ಕೆ ನಿನಗಿಂತ ಚೆನ್ನಾಗಿ ಕೆಲಸ ಬರುತ್ತೆ. ಸಂಬಳಾನೂ ಕೇಳಲ್ಲ."

ಕೆಲಸ ಕೊಟ್ಟವರು ಸಾಗರದ ಆಚೆಯ ಒಂದು ಭಾರೀ ತಂತ್ರಜ್ಞಾನ ಕಂಪನಿಯವರು. ಊರಿನ ಫೋನುಗಳಲ್ಲೆಲ್ಲ ಅವರದೇ ನಕ್ಷೆ, ಅವರದೇ ಫೋಟೊ ಪೆಟ್ಟಿಗೆ. ತೆಗೆದ ಫೋಟೊಗಳೆಲ್ಲ ಮೋಡದಲ್ಲಿರುತ್ತವೆ ಎಂದು ಯಾರೋ ಹೇಳಿದ ಮೇಲೆ ಮೆಜ್ಮಾಲಿ ಊರಿನವರ ಬಾಯಲ್ಲಿ ಅವರು 'ಮೋಡದವರು' ಆಗಿದ್ದಾರೆ. ಮೋಡದವರ ಯಂತ್ರಶಾಲೆಗಳು ಹಗಲಿರುಳು ವಿದ್ಯುತ್ ನುಂಗುತ್ತವೆ. ಆ ವಿದ್ಯುತ್ತಿಗಾಗಿ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ, ಅನಿಲ ಉರಿಯುತ್ತದೆ. ಭೂಮಿಯನ್ನು ಕಾಯಿಸುವ ಆ ಹೊಗೆಯನ್ನು ಇಂತಿಷ್ಟು ವರ್ಷದೊಳಗೆ ಅರ್ಧಕ್ಕೆ ಇಳಿಸುತ್ತೇವೆ, ಇಳಿಸಲಾಗದೆ ಉಳಿದದ್ದಕ್ಕೆ ಸಮನಾಗಿ ಬೇರೆ ಕಡೆಯ ಹೊಗೆ ನಿಲ್ಲಿಸುತ್ತೇವೆ ಎಂದು ಅವರು ಜಗತ್ತಿಗೆ ಮಾತು ಕೊಟ್ಟಿದ್ದರು. ಆ ಬೇರೆ ಕಡೆಗಳಲ್ಲಿ ಸಾಲ್ನಾ ಜೌಗೂ ಒಂದು.

ಜೌಗಿಗೂ ಹೊಗೆಗೂ ಏನು ಸಂಬಂಧ ಎಂದು ಊರವರಿಗೆ ಬಿಡಿಸಿ ಹೇಳಿದವನು ಗಿರ್ಟ್ಸ್. ರಿಗಾದಿಂದ ಬಂದ, ನೀರಿನ ಶಾಸ್ತ್ರ ಓದಿದ, ಮಾತಾಡುವಾಗ ಕಿವಿ ಕೆಂಪಾಗುವ ಯುವಕ. ಸಾವಿರಾರು ವರ್ಷ ನೀರಿನಲ್ಲಿ ನೆನೆದು ಕೊಳೆಯದೆ ಉಳಿದ ಪಾಚಿಯೇ ಈ ಕಪ್ಪು ಮಣ್ಣು. ಕಾಲುವೆ ತೋಡಿ ನೀರು ಬಸಿದರೆ ಅದಕ್ಕೆ ಗಾಳಿ ತಾಗುತ್ತದೆ. ಗಾಳಿ ತಾಗಿದ್ದು ಕೊಳೆಯುತ್ತಾ ಬೆಂಕಿಯಿಲ್ಲದೆಯೇ ಹೊಗೆಯಾಗಿ ಹೋಗುತ್ತದೆ. ನೀರು ಮರಳಿ ನಿಂತರೆ ಅದು ನಿಲ್ಲುತ್ತದೆ. ಅವತ್ತು ಶಾಲೆಯ ಸಭಾಂಗಣದಲ್ಲಿ ಇದನ್ನು ಕೇಳಿಸಿಕೊಂಡ ವಿಜ್ಮಾ ಮನೆಗೆ ಬಂದು ಬಹಳ ಹೊತ್ತು ಕಿಟಕಿಯ ಹತ್ತಿರ ಕೂತಿದ್ದರಂತೆ. ಅವರ ಕಣ್ಣಿಗೆ ಜೌಗು ಒಬ್ಬ ಮುದುಕಿಯ ಹಾಗೆ ಕಂಡಿತು. ಎಲ್ಲರ ಹೊಲಕ್ಕೂ ಜಾಗ ಕೊಟ್ಟು, ಬಾಯಾರಿ, ಯಾರಿಗೂ ಹೇಳದೆ ಉಸಿರು ಬಿಡುತ್ತಿರುವ ಮುದುಕಿ.

"ಮೂವತ್ತು ವರ್ಷ ನಾನೇ ಅವಳ ಬಾಯಿಂದ ನೀರು ಕಿತ್ಕೊಂಡಿದ್ದು," ಎನ್ನುತ್ತಾರೆ. "ಕೊಡೋಕೂ ನಾನೇ ಹೋಗ್ಬೇಕಲ್ವಾ."

ದಿನಕ್ಕೆ ಎರಡು ಒಡ್ಡು ಮುಗಿದರೆ ಅದು ಒಳ್ಳೆಯ ದಿನ. ಮೊದಲು ಮೇಲಿನ ಒಣ ಪದರ ಕೆರೆದು ತೆಗೆಯಬೇಕು, ಒಣಮಣ್ಣಿನಲ್ಲಿ ನೀರು ನುಸುಳುತ್ತದೆ. ಅಡಿಯ ಒದ್ದೆ ಮಣ್ಣನ್ನು ಕಾಲುವೆಗೆ ತುಂಬಿ, ತುಳಿದು, ಮತ್ತೆ ತುಂಬಿ, ಅಕ್ಕಪಕ್ಕದ ನೆಲಕ್ಕಿಂತ ಎತ್ತರಕ್ಕೆ ಏರಿಸಿ, ಮೇಲೆ ಹಸಿ ಪಾಚಿಯ ಹೆಪ್ಪು ಹೊದಿಸಬೇಕು. ಮಧ್ಯಾಹ್ನಕ್ಕೆ ರೈ ರೊಟ್ಟಿ, ಓಮದಂಥ ಕಾಳು ಹಾಕಿದ ಗಿಣ್ಣು, ಜೇಬಿಗೆ ಸಿಕ್ಕಷ್ಟು ಹುಳಿ ಕ್ರಾನ್‌ಬೆರಿ. ನಡುನಡುವೆ ನೀರಿನ ಮಟ್ಟ ನೋಡುವ ಕೆಲಸ. ನೆಲದಲ್ಲಿ ಹೂತ ದಪ್ಪ ಕೊಳವೆಯೊಳಗೆ ಸಣ್ಣ ಕೊಳವೆ ಇಳಿಸಿ, ತುದಿಗೆ ಬಾಯಿಟ್ಟು ಊದುತ್ತಾರೆ. ಗುಳುಗುಳು ಎಂದರೆ ನೀರು ಸಿಕ್ಕಿತು ಎಂದು. ಎಷ್ಟು ಆಳದಲ್ಲಿ ಎಂದು ಅಳೆದು ಗಿರ್ಟ್ಸ್‌ಗೆ ಫೋನ್ ಮಾಡುತ್ತಾರೆ. ಮೊದಲ ವರ್ಷ ಮೊಳಕೈ ಮುಳುಗುವಷ್ಟು ಕೊಳವೆ ಇಳಿಸಬೇಕಿತ್ತು. ಈಗ ಬೆರಳುದ್ದ ಇಳಿಸಿದರೆ ಜೌಗು ಮಾತಾಡುತ್ತದೆ.

ನೆಲ ಬಾಚುವ ಅಭ್ಯಾಸದಿಂದ ಒಮ್ಮೆ ಫಜೀತಿಯೂ ಆಯಿತು. ಒಡ್ಡುಗಳು ನೆಟ್ಟಗಿವೆಯೋ ಇಲ್ಲವೋ ಎಂದು ನೋಡಲು ಮೋಡದವರ ಕಡೆಯವರು ಆಕಾಶದಿಂದ ಡ್ರೋನ್ ಹಾರಿಸಿ ಫೋಟೊ ತೆಗೆಸಿದ್ದರು. ಪ್ರತಿ ಒಡ್ಡಿನ ಮೇಲೂ ಒಂದೇ ಅಳತೆಯ ಗೀರುಗಳು. ಕಾಡುಹಂದಿ ಉತ್ತಿದೆಯೋ, ಒಡ್ಡು ಬಿರುಕು ಬಿಡುತ್ತಿದೆಯೋ, ಯಾರಾದರೂ ಬೇಕೆಂದೇ ಕೆದರುತ್ತಿದ್ದಾರೋ ಎಂದು ದೂರದ ಕಚೇರಿಯೊಂದರಲ್ಲಿ ಗಾಬರಿ. ಕಾರಣ ತಿಳಿಯುವವರೆಗೆ ಕೆಲಸ ನಿಲ್ಲಿಸಿ ಎಂದು ಆಜ್ಞೆ ಬಂತು. ಗಿರ್ಟ್ಸ್ ಫೋಟೊ ನೋಡಿದ ಕೂಡಲೇ ಜೋರಾಗಿ ನಕ್ಕನಂತೆ. ಆಮೇಲೆ ನಗು ತಾನಾಗಿ ನಿಂತಿತಂತೆ. ಅವನ ಅಜ್ಜನ ಸಮಾಧಿಯ ಮರಳಿನ ಮೇಲೂ ಅದೇ ಮೀನಿನ ಮುಳ್ಳು.

"ವಿಜ್ಮಕ್ಕಾ, ಅವರಿಗೆ ಏನಂತ ಬರೀಲಿ ನಾನು?" ಎಂದು ಕೇಳಿಕೊಂಡು ಬಂದ.

"ಹಂದಿ ಅಂತಾನೇ ಬರೆದುಬಿಡು. ಸುಲಭ."

"ತಮಾಷೆ ಮಾಡ್ಬೇಡಿ. ಪಾಚಿ ಕಿತ್ತೋದ್ರೆ ಮಣ್ಣು ಒಣಗುತ್ತೆ."

"ಸರಿ, ಸರಿ. ಕಾಲಿಡೋ ಅಷ್ಟು ಅಗಲ ಬಿಡು ನಂಗೆ. ಅಷ್ಟೇ ಬಾಚ್ಕೋತೀನಿ."

ಅಂದಿನಿಂದ ಪಾಚಿಯ ನಡುವೆ ಒಂದು ಬೈತಲೆಯಷ್ಟು ದಾರಿಯನ್ನು ಮಾತ್ರ ಬಾಚುತ್ತಾರೆ.

ಜೌಗಿನ ಪಡುವಣ ಅಂಚಿನ ಕಾಲುವೆ ಮಾತ್ರ ಯಾರದೋ ಬೆವರಲ್ಲ. ಅದನ್ನು ತೋಡಿದವರು ವಿಜ್ಮಾ ಅವರ ಅಪ್ಪ ಅರ್ವೀಡ್ಸ್. ನೆಲವೆಲ್ಲ ಸರ್ಕಾರದ ಕೈಯಲ್ಲಿದ್ದ ಕೂಡುಬೇಸಾಯದ ಕಾಲ, ಯಂತ್ರಗಳು ಇನ್ನೂ ಈ ಕಡೆ ಬಂದಿರಲಿಲ್ಲ. ಎರಡು ಬೇಸಿಗೆ ಒಂದೇ ಸಲಿಕೆಯಲ್ಲಿ ತೋಡಿ, ಕಾಲಿಟ್ಟರೆ ಹೂತುಹೋಗುತ್ತಿದ್ದ ಜಾಗವನ್ನು ಹುಲ್ಲುಗಾವಲು ಮಾಡಿದರು. ದೇಶ ಬಿಡುಗಡೆಯಾದ ಮೇಲೆ ಆ ಹುಲ್ಲುಗಾವಲು ಮನೆಗೇ ದಕ್ಕಿತು. ಮನೆಯ ಹೆಸರೇ ಗ್ರಾವ್‌ಮಾಲಿ, ಕಾಲುವೆಯಂಚು ಎಂದು. ಅದಕ್ಕೂ ಮೊದಲೇ ಆ ಹುಲ್ಲು ತಿಂದ ಹಸುಗಳ ಹಾಲಿನಲ್ಲಿ ಇಬ್ಬರು ಹೆಣ್ಣುಮಕ್ಕಳು ದೊಡ್ಡವರಾಗಿದ್ದರು. ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಅಪ್ಪ ಕೇಳಿಕೊಂಡದ್ದು ಒಂದೇ: "ಕಾಲುವೆ ಹೂತುಹೋಗದ ಹಾಗೆ ನೋಡ್ಕೊಳ್ರೇ." ಪ್ರತಿ ವಸಂತದಲ್ಲೂ ಬರ್ಚ್ ಮರದ ರಸ ಇಳಿಯುವ ಹೊತ್ತಿಗೆ ಅಕ್ಕತಂಗಿಯರು ಸೊಂಟಕ್ಕೆ ಸೆರಗು ಸಿಕ್ಕಿಸಿದವರಂತೆ ಕಾಲುವೆಗೆ ಇಳಿಯುತ್ತಿದ್ದರು. ಜಿದ್ರಾ ಅವರ ಸೊಂಟದ ಮೂಳೆ ಸವೆದು ಕೈಗೆ ಕೋಲು ಬರುವವರೆಗೂ ಅದು ತಪ್ಪಿರಲಿಲ್ಲ.

ಆ ಕಾಲುವೆ ತೆರೆದಿದ್ದರೆ ಸುತ್ತಲಿನ ಒಡ್ಡುಗಳ ನೀರೂ ಅಲ್ಲಿಂದಲೇ ಜಾರಿ ಹೋಗುತ್ತದೆ ಎಂದು ಗಿರ್ಟ್ಸ್ ಹೇಳಿದ. ಮುಚ್ಚಿದರೆ ಹುಲ್ಲುಗಾವಲು ಮುಳುಗುತ್ತದೆ. ಯಾರ ಬಲವಂತವೂ ಇರಲಿಲ್ಲ. ಅಕ್ಕತಂಗಿಯರಿಬ್ಬರೂ ಒಪ್ಪಿದರೆ ಮಾತ್ರ. ಈಗ ಪೇಟೆಯ ಸಣ್ಣ ಮನೆಯಲ್ಲಿರುವ ಜಿದ್ರಾ ಅವರ ಅಡಿಗೆಮನೆಯಲ್ಲಿ ಮಾತು ನಡೆಯಿತು. ಒಲೆಯ ಮೇಲೆ ಬೂದು ಬಟಾಣಿ ಬೇಯುತ್ತಿತ್ತು.

"ಅಪ್ಪನ ಬೆವರನ್ನ ಯಾರದೋ ಹೊಗೆಗೆ ಒತ್ತೆ ಇಡ್ತೀಯೇನೇ?" ಎಂದರು ಅಕ್ಕ.

"ಹಾಗಲ್ಲ ಕಣಕ್ಕಾ. ಅವರೂ ತಮ್ಮದನ್ನ ಬಿಟ್ಕೊಡ್ತಾರೆ. ಊರಿಗೆಲ್ಲ ಕೇಳೋ ಹಾಗೆ ಮಾತು ಕೊಟ್ಟಿದಾರೆ. ನಾವು ನಮ್ಮದು ಬಿಡೋದು, ಅವರು ಅವರದು ಬಿಡೋದು. ಎಲ್ಲಾರೂ ಸ್ವಲ್ಪ ಸ್ವಲ್ಪ ಬಿಟ್ರೆ ತಾನೇ..."

"ಅಷ್ಟು ದೊಡ್ಡೋರು ಬಿಡ್ತಾರಾ? ನೀನು ನಂಬ್ತೀಯಾ?"

"ನಂಬ್ತೀನಿ."

ಜಿದ್ರಾ ಬಟಾಣಿಯ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು, ಒಪ್ಪಿಗೆಯ ಸಹಿ ಹಾಕಿದರು. "ನಿನ್ನ ನಂಬಿ ಹಾಕ್ತಿದೀನಿ. ಅವರನ್ನಲ್ಲ. ಆದ್ರೆ ಇನ್ನು ನನ್ನ ಕಾಲು ಆ ಕಡೆ ತುಳಿಯಲ್ಲ. ನೋಡೋ ಶಕ್ತಿ ನಂಗಿಲ್ಲ."

ಹೋದ ವರ್ಷ ಶರತ್ಕಾಲದಲ್ಲಿ ವಿಜ್ಮಾ ಅಪ್ಪನ ಕಾಲುವೆಗೆ ಒಡ್ಡು ಕಟ್ಟಿದರು. ವಾಲ್ಡಿಸ್ ಯಂತ್ರ ತರುತ್ತೇನೆಂದರೂ ಬೇಡವೆಂದರು. ಅಪ್ಪನ ಸಲಿಕೆಯಲ್ಲೇ ಅಗೆದು, ಅಪ್ಪನ ಸಲಿಕೆಯಲ್ಲೇ ತುಂಬಿದರು. ಹಿಮ ಕರಗುವ ಹೊತ್ತಿಗೆ ಹುಲ್ಲುಗಾವಲಿನ ತುಂಬ ಆಕಾಶ ಬಿದ್ದಿತ್ತು. ಬೇಲಿಯ ಗೂಟಗಳು ನೀರಿನಲ್ಲಿ ತಮ್ಮ ನೆರಳು ನೋಡಿಕೊಳ್ಳುತ್ತಾ ನಿಂತಿದ್ದವು. ಅವರಿಗೆ ಅಳುವೂ ಬಂತು, ಚೆಂದವೂ ಅನ್ನಿಸಿತು. ಎರಡನ್ನೂ ಹೇಳಿಕೊಳ್ಳಲು ಇದ್ದವಳು ಅಕ್ಕ ಒಬ್ಬಳೇ. ಅವಳಿಗೆ ಹೇಳುವ ಹಾಗಿರಲಿಲ್ಲ.

ಜುಲೈಯಲ್ಲಿ ಸೌತೆಕಾಯಿ ಉಪ್ಪಿಗೆ ಹಾಕುತ್ತಾ ಕೂತಿದ್ದಾಗ ರೇಡಿಯೊದಲ್ಲಿ ಸುದ್ದಿ ಬಂತು. ಮೋಡದವರು ತಮ್ಮ ಗುರಿಯ ವರ್ಷವನ್ನು ಮುಂದೂಡಿದ್ದಾರೆ. ಮನುಷ್ಯರ ಹಾಗೆ ಉತ್ತರ ಕೊಡುವ ಹೊಸ ಯಂತ್ರಗಳಿಗೆ ಲೆಕ್ಕ ಮೀರಿ ವಿದ್ಯುತ್ ಬೇಕಾಗಿ, ಅವರ ಹೊಗೆ ಇಳಿಯುವುದಿರಲಿ, ಮಾತು ಕೊಟ್ಟ ದಿನಕ್ಕಿಂತ ಏರಿದೆ. 'ಗುರಿಯನ್ನು ವಾಸ್ತವಕ್ಕೆ ಹೊಂದಿಸಿಕೊಂಡಿದ್ದೇವೆ' ಎಂದು ಅವರ ಪರವಾಗಿ ಒಂದು ಇಂಪಾದ ದನಿ ಹೇಳಿತು. ಹಿಂದೆಯೇ ಹವಾಮಾನ ವರದಿ. ವಿಜ್ಮಾ ಅವರ ಕೈಯಲ್ಲಿ ಸಬ್ಬಸಿಗೆಯ ಕಟ್ಟು ಹಾಗೇ ಉಳಿಯಿತು.

ಮರುದಿನ ಗಿರ್ಟ್ಸ್ ತಾನಾಗಿ ಬಂದ. ಕಿವಿ ಎಂದಿಗಿಂತ ಕೆಂಪು.

"ನಮ್ಮ ಕೆಲಸ ನಿಲ್ಲಲ್ಲ, ವಿಜ್ಮಕ್ಕಾ. ಇಲ್ಲಿಗೆ ಕೊಡೋದನ್ನ ಕೊಡ್ತಾರೆ. ಇಲ್ಲಿ ನಿಂತ ಹೊಗೆ ನಿಂತಿದ್ದೇ, ಅದು ಸುಳ್ಳಲ್ಲ."

"ಗೊತ್ತಪ್ಪ. ಜೌಗಿನ ಮೇಲೆ ನಂಗೇನು ಸಿಟ್ಟು? ಆದ್ರೆ ಅಕ್ಕಂಗೆ ನಾನು ಏನು ಹೇಳಿದ್ದೆ? ನಮ್ಮದು ನಾವು ಬಿಡೋದು, ಅವರದು ಅವರು ಬಿಡೋದು ಅಂತ. ನಮ್ಮದು ಅಲ್ಲಿ ನೀರೊಳಗಿದೆ, ಹೋಗಿ ನೋಡು. ಅವರದು ಎಲ್ಲಿದೆ?"

ಗಿರ್ಟ್ಸ್, ತಾನು ಶಾಲೆಯ ಸಭಾಂಗಣದಲ್ಲಿ ಹೇಳಿದ್ದನ್ನೆಲ್ಲ ತಾನೂ ನಂಬಿಯೇ ಹೇಳಿದ್ದೆ ಎಂದಷ್ಟೇ ಹೇಳಿದ. ವಿಜ್ಮಾ ಅವನಿಗೆ ಒಂದು ಭರಣಿ ಸೌತೆಕಾಯಿ ಕೊಟ್ಟು ಕಳಿಸಿದರು.

ಆ ತಿಂಗಳ ಕೊನೆಗೆ ಸಮಾಧಿ ಹಬ್ಬ. ವರ್ಷಕ್ಕೊಮ್ಮೆ ಊರು ಬಿಟ್ಟವರೆಲ್ಲ ಹೂವು ಹಿಡಿದು ಬಂದು ತಮ್ಮವರ ಪಕ್ಕ ನಿಲ್ಲುವ ದಿನ. ಅಪ್ಪನ ಸಮಾಧಿಯ ಆ ಬದಿಗೆ ಜಿದ್ರಾ, ಈ ಬದಿಗೆ ವಿಜ್ಮಾ. ಪಾದ್ರಿಯ ಮಾತು ಮುಗಿದು ಜನ ಕರಗಿದರು. ಯಾವಾಗಲೂ ಒಟ್ಟಿಗೆ ಮರಳು ಬಾಚಿ ಹೊರಡುತ್ತಿದ್ದ ಅಕ್ಕತಂಗಿಯರು ಅವತ್ತು ತಮ್ಮ ತಮ್ಮ ಬದಿಯನ್ನು ತಾವು ತಾವೇ ಬಾಚಿದರು. ಬಾಗಿಲ ಬಳಿ ಜಿದ್ರಾ ಒಂದೇ ಮಾತು ಹೇಳಿದರು: "ನೀನೇ ಮುಚ್ಚಿದ್ದು, ನೀನೇ ತೆಗಿ. ತೆಗೆಯೋವರೆಗೂ ನಂಗೆ ಫೋನ್ ಮಾಡ್ಬೇಡ."

ಆಗಸ್ಟಿನ ಒಂದು ಬೆಳಿಗ್ಗೆ ವಿಜ್ಮಾ ಅಪ್ಪನ ಸಲಿಕೆ ಹೆಗಲಿಗೇರಿಸಿ ಹೋದರು. ಒಡ್ಡಿನ ನಡುವೆ ಒಂದು ಸೀಳು ಬಿಟ್ಟರೆ ಸಾಕು, ಉಳಿದದ್ದನ್ನು ನೀರೇ ನೋಡಿಕೊಳ್ಳುತ್ತಿತ್ತು. ಸಲಿಕೆಯ ಮೇಲೆ ಬೂಟುಗಾಲು ಇಟ್ಟದ್ದೂ ಆಯಿತು.

"ಆಗಲಿಲ್ಲ," ಎನ್ನುತ್ತಾರೆ ಈಗ, ಎರಡನೆಯ ಒಡ್ಡಿನಿಂದ ಮೂರನೆಯದಕ್ಕೆ ನಡೆಯುತ್ತಾ. "ತೆಗೆದಿದ್ರೆ ಮಾತು ತಪ್ಪಿದೋರು ಇಬ್ಬರಾಗ್ತಿದ್ವಿ. ಅವರೂ, ನಾನೂ. ಈ ಜೌಗು ಮುದುಕಿ ಏನು ಮಾಡಿದ್ಲು ಪಾಪ, ಎರಡನೇ ಸಲ ಬಾಯಿಂದ ಕಿತ್ಕೊಳ್ಳೋಕೆ?" ಸಲಿಕೆಯನ್ನು ಒಡ್ಡಿನ ಪಕ್ಕದ ದಂಡೆಗೆ ಚುಚ್ಚಿ ಬಂದುಬಿಟ್ಟರು. ಅಕ್ಕನಿಗೆ ಫೋನ್ ಮಾಡಲಿಲ್ಲ. ಅಕ್ಕನೂ ಮಾಡಲಿಲ್ಲ.

ಮೋಡದವರ ಮೇಲೆ ಅವರು ಬೈಗುಳ ಸುರಿಸುವುದಿಲ್ಲ. ಅವರದೊಂದು ಆಸೆ ಇದೆಯಷ್ಟೇ. "ಆಕಾಶದಿಂದ ಫೋಟೊ ತೆಗೆಯೋದು ಬೇಡ. ಅವರಲ್ಲಿ ಯಾರಾದ್ರೂ ದೊಡ್ಡೋರು ಒಂದ್ಸಲ ಬರ್ಲಿ. ಈ ಒಡ್ಡುಗಳ ಮೇಲೆ ನಡೀಲಿ. ಚಹಾ ಕೊಡ್ತೀನಿ. ಅವರು ಹೋದ್ಮೇಲೆ ನಾನು ಬಾಚ್ಕೋತೀನಿ, ಅದೇನು ದೊಡ್ಡ ಕೆಲಸ ಅಲ್ಲ." ಮೂರು ವರ್ಷದಿಂದ ಪ್ರತಿ ಬೆಳಿಗ್ಗೆ ಬಾಚಿದ ದಾರಿಯನ್ನು ಬಗ್ಗಿ ನೋಡುತ್ತಾರೆ. ನರಿಯ ಹೆಜ್ಜೆ ಸಿಕ್ಕಿದೆ, ಕ್ರೌಂಚದ ಹೆಜ್ಜೆ ಸಿಕ್ಕಿದೆ. ಒಮ್ಮೆ ಎಲ್ಕ್ ಜಿಂಕೆಯ ಗೊರಸು ಕೂಡ.

ಸೂರ್ಯ ಪೈನ್ ಮರಗಳ ಹಿಂದೆ ಕೆಂಪಗೆ ಏಳುವ ಹೊತ್ತಿಗೆ ಅಪ್ಪನ ಒಡ್ಡು ಬರುತ್ತದೆ. ದಿನವೂ ಅದು ಕೊನೆಗೆ. ವಿಜ್ಮಾ ಒಡ್ಡಿನ ತಲೆಗೆ ಬಂದವರು ಕುಂಟೆ ಊರಿ ನಿಂತುಬಿಡುತ್ತಾರೆ.

ಬಾಚಿದ ದಾರಿಯ ಮೇಲೆ ಹೆಜ್ಜೆಗಳಿವೆ. ಮನುಷ್ಯರವು. ಬಲಗಾಲು ನೇರ, ಎಡಗಾಲು ಹೊರಕ್ಕೆ. ಪಕ್ಕದಲ್ಲಿ ಕೋಲು ಊರಿದ ದುಂಡು ಕುಳಿಗಳು. ಹೆಜ್ಜೆಗಳು ಒಡ್ಡಿನ ನಡುವಿನವರೆಗೆ ಹೋಗಿ ಅಲ್ಲೇ ಗುಂಪಾಗಿವೆ, ಯಾರೋ ಬಹಳ ಹೊತ್ತು ನಿಂತ ಹಾಗೆ. ಅಲ್ಲಿ ಒಂದು ಸಲಿಕೆಯ ಏಟು ಬಿದ್ದಿದೆ. ಒಂದೇ ಒಂದು. ಎತ್ತಿದ ಹೆಂಟೆಯನ್ನು ಮತ್ತೆ ಅಲ್ಲೇ ಇಟ್ಟು ಬೂಟಿನಿಂದ ಒತ್ತಿ ಕೂರಿಸಿದ್ದಾರೆ. ಹನಿ ನೀರೂ ಸೋರುತ್ತಿಲ್ಲ. ದಂಡೆಗೆ ಚುಚ್ಚಿದ್ದ ಸಲಿಕೆ ಈಗ ಅಲ್ಲಿಲ್ಲ. ಮಳೆ ತಾಗದ ಹಾಗೆ ಪೈನ್ ಮರದಡಿ ಒರಗಿದೆ. ಅದರ ಬಾಯಿಯನ್ನು ಪಾಚಿಯಿಂದ ಒರೆಸಿಟ್ಟಿದ್ದಾರೆ, ಅಪ್ಪ ಒರೆಸಿಡುತ್ತಿದ್ದ ಹಾಗೆಯೇ.

ವಿಜ್ಮಾ ಯಂತ್ರದ ಕಡೆಗೆ ತಿರುಗಿ ಕೂಗುತ್ತಾರೆ.

"ವಾಲ್ಡಿಸ್! ನಿನ್ನೆ ಸಂಜೆ ಯಾರನ್ನಾದ್ರೂ ಈ ಕಡೆ ಕರ್ಕೊಂಡು ಬಂದಿದ್ಯಾ?"

"ನಾನಾ?" ವಾಲ್ಡಿಸ್ ಆಕಾಶ ನೋಡುತ್ತಾರೆ. "ನಂಗೇನು ಗೊತ್ತು ತಾಯಿ. ನರಿ ಬಂದಿರ್ಬೇಕು."

"ಕೋಲೂರ್ಕೊಂಡಾ?"

"ವಯಸ್ಸಾದ ನರಿ."

ವಿಜ್ಮಾ ನಗುವುದಿಲ್ಲ. ಅಕ್ಕ ಬಂದದ್ದು ಕ್ಷಮಿಸಲಿಕ್ಕೋ, ಒಡೆಯಲಿಕ್ಕೋ, ಅವರಿಗೆ ಗೊತ್ತಿಲ್ಲ. ಎರಡಕ್ಕೂ ಬಂದಿರಬಹುದು. ಹುಲ್ಲುಗಾವಲು ಮರಳಿ ಬರುವುದಿಲ್ಲ, ದೊಡ್ಡವರ ಮಾತೂ ಯಾವಾಗ ಬರುತ್ತದೋ ತಿಳಿಯದು. ಅವರು ಕುಂಟೆ ಎತ್ತಿ ಒಡ್ಡಿನ ಆಚೆ ತುದಿಯಿಂದ ತಮ್ಮ ಹೆಜ್ಜೆಗಳನ್ನಷ್ಟೇ ಬಾಚುತ್ತಾ ಹಿಂದಕ್ಕೆ ಬರುತ್ತಾರೆ. ಹೊರಕ್ಕೆ ತಿರುಗಿದ ಎಡಗಾಲಿನ ಗುರುತು ಬಂದಾಗ ಪಾಚಿಯ ಮೇಲೆ ಜಾಗರೂಕತೆಯಿಂದ ಸುತ್ತಿಕೊಂಡು ಹೋಗುತ್ತಾರೆ. ದುಂಡು ಕುಳಿಗಳನ್ನೂ ಮುಟ್ಟುವುದಿಲ್ಲ.

"ಇದನ್ನ ಬಾಚಲ್ಲ," ಎನ್ನುತ್ತಾರೆ. "ಅಕ್ಕ ಬಂದು ಹೋಗಿದ್ದು ಅಪ್ಪಂಗೂ ಕಾಣ್ಲಿ."